ಖಾಲಿ ಎಂದು ಕೇಳಿಸಿದ ಮಾತು

ಸೌದಿಯಲ್ಲಿ ವಾರದ ರಜೆ ಗುರುವಾರ-ಶುಕ್ರವಾರದಿಂದ ಶುಕ್ರವಾರ-ಶನಿವಾರಕ್ಕೆ ಬದಲಾದದ್ದು 2013ರಲ್ಲಿ. ಆ ವರ್ಷದ ಚಳಿಗಾಲದಲ್ಲಿ ನಡೆದ ಸಂಗತಿ ಇದು. ನಾನಾಗ ಅಬ್ಕೈಕ್‌ನ ಒಂದು ಗುತ್ತಿಗೆ ಕಂಪನಿಯಲ್ಲಿ ಎ.ಸಿ. ಮೆಕ್ಯಾನಿಕ್. ಊರು ಉಪ್ಪಿನಂಗಡಿಯ ಹತ್ತಿರ. ಹೊಸದಾಗಿ ಸಿಕ್ಕಿದ ಶನಿವಾರದ ರಜೆಯನ್ನು ಪೂರ್ತಿಯಾಗಿ ನಿದ್ದೆಗೇ ಕೊಡಬೇಕೆಂದು ಗಟ್ಟಿ ಮನಸ್ಸು ಮಾಡಿದ್ದೆ. ಅದನ್ನು ನನ್ನಿಂದ ಕಿತ್ತುಕೊಂಡವರು ಅಬೂ ಸಾಲೆಹ್.

ಅಬೂ ಸಾಲೆಹ್ ಅಲ್ಲಿನವರೇ, ನಿವೃತ್ತ ಶಾಲಾ ಮೇಷ್ಟ್ರು. ಅವರ ಮನೆಯ ಅಡುಗೆಯವರು ಫರಂಗಿಪೇಟೆಯ ಹಮೀದಾಕ. ಅಬೂ ಸಾಲೆಹರೇ ಅವರ ಕಫೀಲ್, ಅಂದರೆ ವೀಸಾ ಕೊಟ್ಟು ಕರೆಸಿಕೊಂಡ ಯಜಮಾನ. ಹಮೀದಾಕನಿಗೆ ಐವತ್ತು ದಾಟಿತ್ತು. ನನ್ನ ತಂದೆಯ ಕಾಲದ ಮನುಷ್ಯ, ಆದರೆ ನನ್ನೊಡನೆ ಸಲುಗೆ. ನಾವಿಬ್ಬರೂ ಮಾತಾಡುವುದು ಬ್ಯಾರಿ ಭಾಷೆಯಲ್ಲಿ. ಓದುವವರಿಗೆ ಅನುಕೂಲವಾಗಲಿ ಎಂದು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

ಗಲ್ಫಿಗೆ ಬಂದ ಮೊದಲ ವಾರದಲ್ಲೇ ಎಲ್ಲರೂ ಕಲಿಯುವ ಒಂದು ಮಾತಿದೆ, 'ಖಲ್ಲಿ ವಲ್ಲಿ' ಎಂದು. ಬಿಟ್ಟುಬಿಡು, ಹೋಗಲಿ ಎಂದರ್ಥ. 'ಖಲ್ಲಿ' ಎಂದರೆ ಬಿಡು. ಹಮೀದಾಕನ ಬಾಯಲ್ಲಿ ದಿನಕ್ಕೆ ಎಷ್ಟು ಸಲ ಆ ಮಾತು ಬರುತ್ತಿತ್ತೋ ಲೆಕ್ಕವಿಲ್ಲ. ಕೆಲಸದ ಮೇಲೆ ನಾನು ಸಿಟ್ಟು ಮಾಡಿಕೊಂಡರೆ, "ಖಲ್ಲಿ ವಲ್ಲಿ ಮಾರಾಯ, ಊಟ ಮಾಡು" ಎಂದು ತಟ್ಟೆ ಮುಂದಿಡುತ್ತಿದ್ದರು.

ಅಕ್ಟೋಬರಿನಲ್ಲಿ ಒಂದು ಸಂಜೆ ಅವರ ಯಜಮಾನರ ಮನೆಯ ಎ.ಸಿ. ನೋಡಲು ಹೋಗಿದ್ದೆ. ಹಮೀದಾಕ ನನ್ನನ್ನು ಹೊಗಳುವ ಹುಮ್ಮಸ್ಸಿನಲ್ಲಿ, "ಇವನಿಗೆ ಅರಬಿ, ಉರ್ದು, ಮಲಯಾಳ ಎಲ್ಲ ಬರ್ತದೆ" ಎಂದು ಅಬೂ ಸಾಲೆಹರಿಗೆ ಹೇಳಿಬಿಟ್ಟರು. ಅಷ್ಟು ಸಾಕಾಯಿತು. ಅಬೂ ಸಾಲೆಹ್ ನನ್ನ ಕೈಯ ಸ್ಪಾನರ್ ತೆಗೆದು ಬದಿಗಿಟ್ಟು, ಚಹಾದ ಲೋಟ ಕೊಟ್ಟರು. "ಶನಿವಾರ ಸಂಜೆ, ಅಸರ್ ನಮಾಜಿನ ನಂತರ ಬಾ. ನನ್ನ ಮಾತನ್ನು ಬೇರೆ ಭಾಷೆಗಳಿಗೆ ತಿರುಗಿಸುವವನೊಬ್ಬ ಬೇಕು."

"ಎಂತದ್ದಕ್ಕೆ ಹಮೀದಾಕ?" ಎಂದು ಹೊರಗೆ ಬಂದ ಮೇಲೆ ಕೇಳಿದೆ.

"ಕೋವಿಯ ಕ್ಲಾಸು. ನಾನೂ ಉಂಟು ಅದರಲ್ಲಿ" ಎಂದರು ಹಮೀದಾಕ, ಹೈಸ್ಕೂಲಿಗೆ ಸೇರಿದವರ ಗತ್ತಿನಲ್ಲಿ.

ಚಳಿಗಾಲ ಬಂತೆಂದರೆ ಅಲ್ಲಿನವರು ಗುಡಾರ ಕಟ್ಟಿಕೊಂಡು ಮರುಭೂಮಿಗೆ ಹೊರಡುತ್ತಾರೆ. ಪರವಾನಗಿ ಇದ್ದವರು ಕೋವಿ ಹಿಡಿದು ಮೊಲವನ್ನೋ ಹಕ್ಕಿಯನ್ನೋ ಹುಡುಕುತ್ತಾರೆ. ನಮ್ಮಂಥ ಹೊರದೇಶದವರು ಕೋವಿ ಮುಟ್ಟುವಂತಿಲ್ಲ. ಆದರೆ ಗಾಡಿಗೆ ಸಾಮಾನು ಹೇರುವವರು ಯಾರು, ಇಳಿಸುವವರು ಯಾರು? ಅಡುಗೆಯವರು, ಡ್ರೈವರುಗಳು. ಕಂಬಳಿ, ನೀರಿನ ಕ್ಯಾನು, ಪಾತ್ರೆಗಳ ನಡುವೆ ಕೋವಿಯೂ ಇರುತ್ತದೆ. ಹಿಂದಿನ ವರ್ಷ ಬೇರೆ ಯಾರದೋ ಗುಡಾರದಲ್ಲಿ ಒಬ್ಬ ಡ್ರೈವರನ ಕೈ ಹೋಗಿತ್ತು. ಅದನ್ನು ಕೇಳಿದ ಮೇಲೆ ಅಬೂ ಸಾಲೆಹ್ ಮತ್ತು ಅವರ ಇಬ್ಬರು ಹಳೆಯ ಬೇಟೆಯ ಗೆಳೆಯರು ಸೇರಿ ಈ ತರಗತಿ ಶುರು ಮಾಡಿದ್ದರು. ಮೂವರೂ ಪುಕ್ಕಟೆ ಕಲಿಸುವವರು. ಬಂದವರಿಗೆ ಅವರೇ ಖರ್ಜೂರ, ಕಾಫಿ ಕೊಡುತ್ತಿದ್ದರು.

ಮನೆಯ ಹಿಂದಿನ ಬಯಲಲ್ಲಿ ಚಾಪೆ ಹಾಸಿ ಪಾಠ. ಪಠಾಣರು, ಬಂಗಾಳಿಗಳು, ಮಲಯಾಳಿಗಳು, ನಾವಿಬ್ಬರು. ಮೊದಲ ದಿನ ಅಬೂ ಸಾಲೆಹ್ ಒಂದು ದೊಡ್ಡ ಬಚ್ಚಂಗಾಯಿಯನ್ನು, ಅಂದರೆ ಕಲ್ಲಂಗಡಿಯನ್ನು, ದೂರದಲ್ಲಿಟ್ಟು ಈಡು ಹೊಡೆದರು. ಕಾಯಿ ಒಡೆದು ಹೋಳಾಗಲಿಲ್ಲ, ಇಡೀ ಕಾಯಿಯೇ ಕಾಣೆಯಾಯಿತು. ಸಿಪ್ಪೆಯ ಚೂರೊಂದನ್ನು ಹೆಕ್ಕಿ ತಂದು ನಮ್ಮ ಮುಂದೆ ಹಿಡಿದು, "ಇದು ನಿಮ್ಮ ಹೊಟ್ಟೆ" ಎಂದರು. ನಾನು ಅದನ್ನು ಉರ್ದುವಿಗೂ ಮಲಯಾಳಕ್ಕೂ ತಿರುಗಿಸಿದೆ. ಯಾರೂ ನಗಲಿಲ್ಲ. ಆ ದಿನ ತಂದಿದ್ದ ಇನ್ನೊಂದು ಹಣ್ಣನ್ನು ಕೊಯ್ದು ಕೊಟ್ಟಾಗ ನನಗೆ ತಿನ್ನಲು ಆಗಲಿಲ್ಲ.

ಆಮೇಲೆ ಮುಖ್ಯ ಪಾಠ. ಕೋವಿಯನ್ನು ಮುಟ್ಟಬೇಡಿ. ಸರಿಸಲೇಬೇಕಾದ ಪ್ರಸಂಗ ಬಂದರೆ ಮೊದಲು ಅದರ ಯಜಮಾನನನ್ನು ಕೂಗಿ ಕೇಳಿ, ಒಳಗೆ ತೋಟೆ ಇದೆಯೋ ಇಲ್ಲವೋ ಎಂದು. ಅವನು ಇಲ್ಲ ಎಂದರೆ ಮಾತ್ರ ಕೈ ಹಾಕಿ. ಕೈ ಹಾಕಿದ ಮೇಲೂ ಅವನ ಮಾತು ನಂಬಬೇಡಿ, ನಳಿಗೆಯನ್ನು ಆಕಾಶಕ್ಕೆ ತಿರುಗಿಸಿ, ಕೋವಿಯನ್ನು ನಡುವಿನಲ್ಲಿ ಮಡಿಸಿ ಒಳಗೆ ಇಣುಕಿ ನೋಡಿ.

ಕೂಗಿ ಕೇಳುವುದಕ್ಕೆ ಒಂದು ಮಾತು ಬೇಕಿತ್ತು. ಸೌದಿಗಳು ತಮ್ಮ ತಮ್ಮೊಳಗೆ ಒಳಗೇನೂ ಇಲ್ಲದ್ದಕ್ಕೆ 'ಫಾದಿ' ಎನ್ನುವುದೇ ಹೆಚ್ಚು. ಅಬೂ ಸಾಲೆಹ್ ಅದನ್ನು ಹೇಳಿಕೊಟ್ಟರು. ನಮ್ಮ ಗುಂಪಿನಲ್ಲಿ ಅರ್ಧಕ್ಕರ್ಧ ಜನ ಅದನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳಿ, ಕೊನೆಗೆ ಮರೆತರು. ಆಗ ಅವರು, "ಖಾಲಿ ಎಂದರೆ ಗೊತ್ತಾ?" ಎಂದು ಕೇಳಿದರು. ಅದು ಅರಬಿಯಲ್ಲೂ ಇರುವ ಶಬ್ದ. ಎಲ್ಲರೂ ಒಟ್ಟಿಗೆ ತಲೆಯಾಡಿಸಿದರು. ಪಠಾಣನಿಗೂ ಗೊತ್ತು, ಬಂಗಾಳಿಗೂ ಗೊತ್ತು. ನಮ್ಮಲ್ಲಿ ಬಸ್ಸಿನ ಸೀಟಿನಿಂದ ಹಿಡಿದು ಗ್ಯಾಸಿನ ಸಿಲಿಂಡರಿನವರೆಗೆ ಎಲ್ಲವೂ ಖಾಲಿಯೇ. ಅಬೂ ಸಾಲೆಹ್ ಮಗುವಿನ ಹಾಗೆ ಖುಷಿಪಟ್ಟರು. "ನೋಡಿದೆಯಾ ಅನ್ಸಾರ್, ಈ ಮಾತಿಗೆ ನಿನ್ನ ಅಗತ್ಯವೇ ಇಲ್ಲ" ಎಂದು ನನ್ನ ಬೆನ್ನು ತಟ್ಟಿದರು. ಅಂದಿನಿಂದ ಆ ಬಯಲಲ್ಲಿ, "ಖಾಲಿ?" ಎಂದು ಒಬ್ಬ ಕೂಗುವುದು, "ಖಾಲಿ" ಎಂದು ಇನ್ನೊಬ್ಬ ಉತ್ತರ ಕೊಡುವುದು. ದೂರದಿಂದ ಕೇಳಿದವರಿಗೆ ಸಂತೆಯಲ್ಲಿ ಹರಾಜು ನಡೆದಿದೆ ಎನ್ನಿಸಬೇಕು.

ಹಮೀದಾಕ ತರಗತಿಗೇ ಮೊದಲಿಗರು. ಅಡುಗೆಮನೆಯಲ್ಲೂ ಅಭ್ಯಾಸ ನಡೆಯುತ್ತಿತ್ತು. ಅನ್ನದ ಪಾತ್ರೆಯ ಮುಚ್ಚಳ ತೆಗೆಯುವ ಮುಂಚೆ, "ಖಾಲಿ?" ಎಂದು ನನ್ನನ್ನು ಕೇಳುತ್ತಿದ್ದರು. "ನೀವು ಮಾಡಿಟ್ಟದ್ದು, ನನ್ನನ್ನು ಎಂತ ಕೇಳ್ತೀರಿ?" ಎಂದರೆ, "ಮಾತು ನಂಬ್ಲಿಕ್ಕಿಲ್ಲ, ಇಣುಕಿ ನೋಡ್ಬೇಕು" ಎಂದು ಪಾಠ ಒಪ್ಪಿಸುತ್ತಿದ್ದರು. ಅಬೂ ಸಾಲೆಹರ ಮಗ ಸಾಲೆಹ್‌ಗೆ ಮಾತ್ರ ಇದೆಲ್ಲ ತಮಾಷೆ. ಅವನು ರಾಸ್ ಅಲ್ ಖೈರ್‌ನ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. "ಅಪ್ಪ ಅಡುಗೆಯವರಿಗೆ ಬೇಟೆ ಕಲಿಸುತ್ತಾರೆ, ಇನ್ನು ನಾನು ಕಬ್ಸಾ ಅನ್ನ ಮಾಡುವುದು ಕಲಿಯಬೇಕು" ಎಂದು ನಗುತ್ತಿದ್ದ. ಕೆಟ್ಟ ಮನುಷ್ಯನಲ್ಲ. ಬಾಯಿ ಸ್ವಲ್ಪ ಹರಿತ.

ಡಿಸೆಂಬರಿನ ಒಂದು ಶುಕ್ರವಾರ ನಾವು ನಾಲ್ವರು ಹೊರಟೆವು. ಅಬೂ ಸಾಲೆಹ್, ಸಾಲೆಹ್, ಹಮೀದಾಕ ಮತ್ತು ನಾನು. ನನ್ನನ್ನು ಕರೆದದ್ದು ಕೆಲಸಕ್ಕಲ್ಲ. "ಇಷ್ಟು ದಿನ ನಿನ್ನ ನಿದ್ದೆ ಹಾಳು ಮಾಡಿದ್ದೇನೆ, ಮರುಭೂಮಿಯ ನಿದ್ದೆ ಹೇಗಿರುತ್ತದೆ ನೋಡು ಬಾ" ಎಂದಿದ್ದರು. ರಾಸ್ ಅಲ್ ಖೈರ್ ಕಡೆಯ ಹೆದ್ದಾರಿ ಬಿಟ್ಟು ಬಹಳ ಒಳಗೆ, ಸಣ್ಣ ಕುರುಚಲು ಪೊದೆಗಳಿದ್ದ ಒಂದು ತಗ್ಗಿನಲ್ಲಿ ಗುಡಾರ ಹಾಕಿದೆವು. ಆ ರಾತ್ರಿ ನಿಜವಾಗಿಯೂ ಸೊಗಸಾದ ನಿದ್ದೆ ಬಂತು.

ಮರುದಿನ ಮಧ್ಯಾಹ್ನದವರೆಗೆ ಎಲ್ಲವೂ ಚೆನ್ನಾಗಿತ್ತು. ಊಟವಾದ ಮೇಲೆ ಅಬೂ ಸಾಲೆಹ್ ಪೊದೆಯ ಹತ್ತಿರ ಮೊಲ ಕಂಡಂತಾಗಿ, ತಮ್ಮ ಜೋಡಿ ನಳಿಗೆಯ ಕೋವಿಗೆ ತೋಟೆ ತುಂಬಿಕೊಂಡು ನಡೆದರು. ಮೊಲ ಸಿಗಲಿಲ್ಲ. ಅಷ್ಟರಲ್ಲಿ ಉತ್ತರದಿಂದ ಗಾಳಿ ಎದ್ದಿತು. ನೋಡನೋಡುತ್ತ ಮರಳು ಮುಖಕ್ಕೆ ಬಡಿಯತೊಡಗಿ, ಗುಡಾರದ ಒಂದು ಮಗ್ಗುಲು ಕಿತ್ತುಕೊಂಡು ಪಟಪಟ ಹೊಡೆದುಕೊಳ್ಳತೊಡಗಿತು. ಸಾಲೆಹ್ ಅಪ್ಪನನ್ನು ಕೂಗಿ ಕರೆದ. ಅವರು ಓಡಿ ಬಂದರು. ಬರುವ ಅವಸರದಲ್ಲಿ ಕೋವಿಯನ್ನು ಪಿಕಪ್‌ನ ಹಿಂಬದಿಯಲ್ಲಿ, ಕಂಬಳಿಗಳ ಮೇಲೆ ಇಟ್ಟರು. ತೋಟೆ ತೆಗೆಯಲಿಲ್ಲ. ಎಷ್ಟೋ ವರ್ಷ ಬೇಟೆಯಾಡಿ ಎಷ್ಟೋ ಜನರಿಗೆ ಪಾಠ ಹೇಳಿದವರು ಅದೊಂದು ಸಲ ತೆಗೆಯಲಿಲ್ಲ.

ನಾನು ಮತ್ತು ಅವರು ಅಕ್ಕಪಕ್ಕ ನಿಂತು ಒಂದೇ ಹಗ್ಗ ಎಳೆಯುತ್ತಿದ್ದೆವು. ಸಾಲೆಹ್ ಗುಡಾರದ ಆಚೆ ಬದಿಯಲ್ಲಿ ಗೂಟ ಹೊಡೆಯುತ್ತಿದ್ದ. ಅಬೂ ಸಾಲೆಹ್ ತಲೆವಸ್ತ್ರವನ್ನು ಮೂಗು ಬಾಯಿ ಮುಚ್ಚುವಂತೆ ಸುತ್ತಿಕೊಂಡಿದ್ದರು. ಹಮೀದಾಕ ಕಂಬಳಿಗಳು ಹಾರಿ ಹೋಗುತ್ತವೆಂದು ಪಿಕಪ್‌ ಕಡೆ ಹೋದದ್ದು ನನಗೆ ಗೊತ್ತಿತ್ತು. ಆಮೇಲೆ ಅಬೂ ಸಾಲೆಹ್ ಆ ಕಡೆ ತಲೆ ತಿರುಗಿಸಿ, "ಖಲ್ಲಿ, ಖಲ್ಲಿ" ಎಂದು ಕೂಗಿದರು. ಬಿಡು, ಬಿಡು ಎಂದು. ಕಂಬಳಿ ಹೋದರೆ ಹೋಗಲಿ, ಬಿಡು ಎನ್ನುತ್ತಿದ್ದಾರೆ ಎಂದುಕೊಂಡೆ. ಹಗ್ಗ ಎಳೆಯುತ್ತಲೇ ಇದ್ದೆ.

ಹಮೀದಾಕ ಅದಕ್ಕೆ ಮೊದಲು ಕೂಗಿದ್ದು ನನಗೆ ಕೇಳಿಸಿರಲಿಲ್ಲ. ಅವರು ಕಲಿತ ಹಾಗೆಯೇ ಮಾಡಿದ್ದರು. ಕಂಬಳಿಯ ಮೇಲೆ ಕೋವಿ ಕಂಡಿತು, ಮುಟ್ಟಲಿಲ್ಲ. ಯಜಮಾನರ ಕಡೆ ತಿರುಗಿ, "ಖಾಲಿ?" ಎಂದು ಕೇಳಿದರು. ಗಾಳಿಯಲ್ಲಿ, ಬಟ್ಟೆಯ ಮರೆಯಿಂದ ಬಂದ ಉತ್ತರ ಅವರ ಕಿವಿಗೆ, "ಖಾಲಿ, ಖಾಲಿ" ಎಂದೇ ಬಿತ್ತು. ಆದರೂ ಇಣುಕಿ ನೋಡಬೇಕೆಂದು ಕೋವಿಯನ್ನು ಎತ್ತಿದರು. ಕಂಬಳಿ ಕಟ್ಟಿದ ಹುರಿ ಕೋವಿಯ ಕುದುರೆಗೆ, ಅಂದರೆ ಟ್ರಿಗರಿಗೆ, ಸಿಕ್ಕಿಕೊಂಡಿತ್ತು. ನಳಿಗೆ ಆಕಾಶಕ್ಕೆ ತಿರುಗುವ ಮೊದಲೇ ಈಡು ಹಾರಿತು.

ನನ್ನ ಪಕ್ಕದಲ್ಲಿದ್ದ ಹಗ್ಗ ಸಡಿಲವಾಯಿತು. ತಿರುಗಿ ನೋಡಿದರೆ ಅಬೂ ಸಾಲೆಹ್ ಮರಳಿನ ಮೇಲೆ ಕೂತಿದ್ದರು. ಸುಸ್ತಾಗಿ ಕೂತವರಂತೆಯೇ ಇದ್ದರು. ತೊಡೆಯ ಮೇಲ್ಭಾಗದಲ್ಲಿ ಬಿಳಿ ಬಟ್ಟೆ ಕೆಂಪಾಗುತ್ತಿತ್ತು. ನಾನು ಅವರ ತಲೆವಸ್ತ್ರವನ್ನೇ ಬಿಚ್ಚಿ ತೊಡೆಗೆ ಬಿಗಿದೆ. ರಕ್ತ ನಿಲ್ಲಲಿಲ್ಲ. ಗಂಟು ಹಾಕಿದಷ್ಟೂ ಜಾರುತ್ತಿತ್ತು.

ಸಾಲೆಹ್ ಓಡಿ ಬಂದವನು ಅಪ್ಪನನ್ನು ನೋಡಿದ, ಕೋವಿ ಹಿಡಿದು ನಿಂತಿದ್ದ ಹಮೀದಾಕನನ್ನು ನೋಡಿದ. ಮುಂದಿನ ಕ್ಷಣ ಹಮೀದಾಕನ ಕುತ್ತಿಗೆ ಅವನ ಎರಡೂ ಕೈಯೊಳಗಿತ್ತು. ಹಮೀದಾಕ ಬಿಡಿಸಿಕೊಳ್ಳಲು ನೋಡಲೂ ಇಲ್ಲ. ಆಗ ನನ್ನ ತೊಡೆಯ ಮೇಲೆ ಒರಗಿದ್ದ ಅಬೂ ಸಾಲೆಹ್, ಇದ್ದ ಶಕ್ತಿಯನ್ನೆಲ್ಲ ಕೂಡಿಸಿ, "ಖಲ್ಲಿ... ಯಾ ಸಾಲೆಹ್, ಖಲ್ಲಿ" ಎಂದರು. ಸಾಲೆಹ್ ಕೈ ಬಿಟ್ಟ.

ಅವರು ಆಡಿದ ಕೊನೆಯ ಮಾತು ಅದೇ. ಗಾಡಿಯಲ್ಲಿ ಹಿಂದೆ ಮಲಗಿಸಿಕೊಂಡು ಹೊರಟೆವು. ಸಾಲೆಹ್ ಓಡಿಸುತ್ತಿದ್ದ, ನಾನು ತೊಡೆ ಒತ್ತಿ ಹಿಡಿದಿದ್ದೆ. ಹೆದ್ದಾರಿ ಸಿಗುವ ಮೊದಲೇ ಅವರ ಕೈ ತಣ್ಣಗಾಯಿತು. ಅದನ್ನು ಸಾಲೆಹ್‌ಗೆ ಹೇಳದೆ, ಆಸ್ಪತ್ರೆಯ ಬಾಗಿಲವರೆಗೂ ಒತ್ತಿ ಹಿಡಿದೇ ಇದ್ದೆ.

ಹಮೀದಾಕನನ್ನು ಅಂದೇ ಪೊಲೀಸರು ಕರೆದುಕೊಂಡು ಹೋದರು. ಹೊರದೇಶದವನ ಕೈಯಲ್ಲಿ ಕೋವಿ, ಸತ್ತವರು ಅವನ ಯಜಮಾನ. ಆಕಸ್ಮಿಕ ಎಂದು ಮನೆಯವರು ಒಪ್ಪಿ ಕ್ಷಮಿಸಿದರೆ ಹೊರಗೆ ಬರಬಹುದು. ಇಲ್ಲದಿದ್ದರೆ ಏನೆಂದು ನಮಗೆ ಯಾರೂ ಹೇಳುವವರಿರಲಿಲ್ಲ. ಫರಂಗಿಪೇಟೆಯಿಂದ ಅವರ ಹೆಂಡತಿ ದಿನಾ ಸಂಜೆ ಫೋನ್ ಮಾಡುತ್ತಿದ್ದರು. ಬೇರೆ ಏನೂ ಕೇಳುತ್ತಿರಲಿಲ್ಲ. "ಬಿಟ್ಟರಾ?" ಎನ್ನುವರು. "ಇಲ್ಲ, ಬಿಡ್ತಾರೆ" ಎನ್ನುವೆ. ಬಿಡುತ್ತಾರೆಂಬ ಧೈರ್ಯ ನನಗೇ ಇರಲಿಲ್ಲ.

ಏಕೆಂದರೆ ಸಾಲೆಹ್ ಕಲ್ಲಾಗಿದ್ದ. ಅವನ ಸಿಟ್ಟು ಸಾವಿಗಿಂತ ಹೆಚ್ಚಾಗಿ ಒಂದು ಮಾತಿನ ಮೇಲಿತ್ತು. 'ಯಜಮಾನರು ಖಾಲಿ ಎಂದರು, ಅದಕ್ಕೇ ಎತ್ತಿದೆ' ಎಂದು ಹಮೀದಾಕ ಹೇಳಿದ್ದು ಅವನ ಕಿವಿಗೆ ಬಿದ್ದಿತ್ತು. ನಾನು ಸಂತಾಪ ಹೇಳಲು ಹೋದಾಗ ಅವನು ನನ್ನ ಮುಖ ನೋಡದೆ ಹೇಳಿದ, "ನನ್ನಪ್ಪ ತುಂಬಿದ ಕೋವಿಯನ್ನು ಖಾಲಿ ಎನ್ನುವವರಾ? ಅದನ್ನೇ ಊರಿಗೆಲ್ಲ ಕಲಿಸಿದವರು. ತನ್ನ ತಪ್ಪು ಮುಚ್ಚಿಕೊಳ್ಳಲು ಸತ್ತವರನ್ನು ಸುಳ್ಳುಗಾರ ಮಾಡುತ್ತಿದ್ದಾನೆ. ಅಪ್ಪನನ್ನು ಕೊಂದದ್ದನ್ನಾದರೂ ಕ್ಷಮಿಸಿಯೇನು, ಇದನ್ನಲ್ಲ."

"ನಾನು ಪಕ್ಕದಲ್ಲೇ ಇದ್ದೆ. ಅವರು ಹೇಳಿದ್ದು ಖಾಲಿ ಎಂದಲ್ಲ, ಖಲ್ಲಿ ಎಂದು" ಎಂದೆ.

"ನೀನು ಅವನ ಊರಿನವನು" ಎಂದಷ್ಟೇ ಹೇಳಿ ಎದ್ದು ಹೋದ. ನನಗೆ ಕೋಪವೂ ಬಂತು, ಅಳುವೂ ಬಂತು. ಅವನ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲವೇನೋ.

ಕೆಲವು ವಾರಗಳ ನಂತರ ಠಾಣೆಗೆ ನಮ್ಮನ್ನೆಲ್ಲ ಕರೆಸಿದರು. ಠಾಣೆಯದೇ ಒಬ್ಬ ಪಾಕಿಸ್ತಾನಿ ದುಭಾಷಿ ಇದ್ದ. ಹಮೀದಾಕ ಮುರುಕು ಉರ್ದುವಿನಲ್ಲಿ ಹೇಳುವುದು, ಅವನು ಅರಬಿಗೆ ತಿರುಗಿಸುವುದು. ಹಮೀದಾಕ ಅರ್ಧಕ್ಕೆ ಇಳಿದಿದ್ದರು. ನನ್ನನ್ನು ನೋಡಿ ಸಲಾಂ ಹೇಳಿದ ದನಿ ಅವರದೆಂದು ಗುರುತು ಹತ್ತಲಿಲ್ಲ. ಅಧಿಕಾರಿ ಕೇಳುತ್ತ ಹೋದರು. ಹಮೀದಾಕ ಅದೇ ಕತೆಯನ್ನು ಮೊದಲಿನಿಂದ ಹೇಳಿದರು. ಕೇಳಿದೆ, ಯಜಮಾನರು ಖಾಲಿ ಎಂದರು, ಎತ್ತಿದೆ. ಸಾಲೆಹ್ ಗೋಡೆ ನೋಡುತ್ತ ಕೂತಿದ್ದ.

"ಖಾಲಿ ಎಂದೇ ಕೇಳಿಸಿತೆಂದು ಹೇಗೆ ಹೇಳುತ್ತೀಯ?" ಎಂದರು ಅಧಿಕಾರಿ.

ಹಮೀದಾಕ ಹೇಳಿದರು, "ಒಂದು ಸಲ ಅಲ್ಲ ಸಾರ್. ಈಡು ತಾಗಿದ ಮೇಲೂ ಅವರು ಅದನ್ನೇ ಹೇಳಿದ್ದು. ಸಾಲೆಹ್ ನನ್ನ ಕುತ್ತಿಗೆ ಹಿಡಿದಾಗ, ಬಿದ್ದಲ್ಲಿಂದಲೇ, ಖಾಲಿ ಸಾಲೆಹ್, ಖಾಲಿ, ಅಂತ. ಅಷ್ಟು ರಕ್ತ ಹೋಗ್ತಿತ್ತು. ಆಗಲೂ ಅವರಿಗೆ ಕೋವಿ ಖಾಲಿ ಅಂತಲೇ ಇತ್ತು ಕಾಣ್ತದೆ."

ದುಭಾಷಿ ಅದನ್ನು ತಿರುಗಿಸಿದ. ಸಾಲೆಹ್ ಗೋಡೆಯಿಂದ ಕಣ್ಣು ಕಿತ್ತು ಈ ಕಡೆ ನೋಡಿದ. "ಇನ್ನೊಮ್ಮೆ ಕೇಳು" ಎಂದ. "ನಾನು ಕುತ್ತಿಗೆ ಹಿಡಿದಾಗ ನನ್ನಪ್ಪ ಏನೆಂದರು?"

"ಖಾಲಿ" ಎಂದರು ಹಮೀದಾಕ, ಈ ಸಲ ಯಾರೂ ತಿರುಗಿಸುವ ಮೊದಲೇ.

ಆ ಎರಡನೆಯ ಸಲದ ಮಾತನ್ನು ಸಾಲೆಹ್ ತನ್ನ ಕಿವಿಯಾರೆ ಕೇಳಿದ್ದ. ಅದನ್ನು ಕೇಳಿಯೇ ಕೈ ಬಿಟ್ಟಿದ್ದ. ಅವನಪ್ಪ ಹೇಳಿದ್ದು ಖಲ್ಲಿ, ಅವನನ್ನು ಬಿಡು ಎಂದು. ಅದೇ ಮಾತು ಹಮೀದಾಕನ ಕಿವಿಗೆ ಖಾಲಿ ಎಂದು ಬಿದ್ದಿತ್ತೆಂದರೆ, ಮೊದಲ ಸಲವೂ ಹಾಗೇ ಬಿದ್ದಿರಬೇಕು. ಅಡುಗೆಯವನು ಸುಳ್ಳು ಹೇಳಿರಲಿಲ್ಲ. ಅಪ್ಪನೂ ಹೇಳಿರಲಿಲ್ಲ.

ಸಾಲೆಹ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅಪ್ಪನನ್ನು ಮಣ್ಣು ಮಾಡುವಾಗ ಅವನು ಅತ್ತಿರಲಿಲ್ಲ ಎಂದು ಜನ ಆಡಿಕೊಂಡಿದ್ದರು. ಅಂದು ಠಾಣೆಯಲ್ಲಿ ಅತ್ತ. ಆಮೇಲೆ ಅಧಿಕಾರಿಯ ಕಡೆ ತಿರುಗಿ, "ನನ್ನಪ್ಪ ಇವನನ್ನು ಬಿಡು ಎಂದು ಹೇಳಿ ಹೋಗಿದ್ದಾರೆ. ನಾನು ಇಷ್ಟು ದಿನ ಹಿಡಿದಿದ್ದೆ" ಎಂದ.

ಅವನ ತಾಯಿಯೂ ಉಳಿದ ಮಕ್ಕಳೂ ಒಪ್ಪಿದರು. ಕಾಗದಪತ್ರಗಳೆಲ್ಲ ಮುಗಿದು ಹಮೀದಾಕ ಹೊರಬರುವಾಗ ಮತ್ತೆ ಸೆಕೆ ಶುರುವಾಗಿತ್ತು. ಆ ಸಂಜೆ ಅವರ ಹೆಂಡತಿಗೆ ಫೋನಿನಲ್ಲಿ, "ಬಿಟ್ಟರು" ಎಂದೆ. ಹಮೀದಾಕ ಊರಿಗೆ ಹೊರಟ ದಿನ ದಮ್ಮಾಮ್ ವಿಮಾನ ನಿಲ್ದಾಣಕ್ಕೆ ಸಾಲೆಹನೇ ಗಾಡಿ ತಂದ. ನಾನೂ ಜೊತೆಗೆ ಹೋದೆ. ಇಳಿಯುವಾಗ ಹಮೀದಾಕ ಅವನ ಕೈ ಹಿಡಿಯಲು ಹೋಗಿ ಹಿಂಜರಿದರು. ಸಾಲೆಹ್ ತಾನೇ ಹಿಡಿದುಕೊಂಡ.

ಮುಂದಿನ ಚಳಿಗಾಲದಲ್ಲಿ ಒಂದು ಶನಿವಾರ ಸಾಲೆಹ್ ಫೋನ್ ಮಾಡಿ, "ಅಸರ್ ನಂತರ ಬಾ" ಎಂದ. ಬಯಲಲ್ಲಿ ಅದೇ ಚಾಪೆಗಳು, ಅದೇ ಇಬ್ಬರು ಮುದುಕರು. ನಡುವೆ ಸಾಲೆಹ್ ನಿಂತಿದ್ದ. ಮೊದಲ ಅರ್ಧ ಗಂಟೆ ಅವನು ಕಲಿಸಿದ್ದು ಒಂದೇ ಶಬ್ದ, ಫಾದಿ. ಬಂಗಾಳಿಗಳು, ಪಠಾಣರು ತಪ್ಪು ತಪ್ಪಾಗಿ ಹೇಳಿದರು. ಪ್ರತಿಯೊಬ್ಬನ ಬಾಯಲ್ಲೂ ಸರಿಯಾಗಿ ಬರುವವರೆಗೆ ಅವನು ಬಿಡಲಿಲ್ಲ. ಉತ್ತರ ಕೂಗಬಾರದು, ಕೋವಿಯ ಯಜಮಾನ ಹತ್ತಿರ ಬಂದು ತಾನೇ ಕೋವಿ ಎತ್ತಬೇಕು ಎಂಬುದನ್ನೂ ಸೇರಿಸಿದ. ಒಬ್ಬ ಹೊಸ ಡ್ರೈವರ್, "ಖಾಲಿ ಅಂದ್ರೆ ಸುಲಭ ಅಲ್ವಾ?" ಎಂದು ಉರ್ದುವಿನಲ್ಲಿ ನನ್ನನ್ನು ಕೇಳಿದ. ನಾನು ಅದನ್ನು ಸಾಲೆಹ್‌ಗೆ ತಿರುಗಿಸಿ ಹೇಳಲಿಲ್ಲ.

ನಾನು ಸೌದಿ ಬಿಟ್ಟು ಬಂದು ಈಗ ಕೆಲವು ವರ್ಷಗಳಾದವು. ಬಂದ ಹೊಸದರಲ್ಲಿ ಫರಂಗಿಪೇಟೆಗೆ ಹೋಗಿದ್ದೆ. ಹಮೀದಾಕ ಜಗಲಿಯಲ್ಲಿ ಕೂತಿದ್ದರು. ಅಡುಗೆ ಕೆಲಸ ಬಿಟ್ಟಿದ್ದರು. ಮಾತು ಬಹಳ ಕಡಿಮೆಯಾಗಿತ್ತು. ನಾನು ಸಾಲೆಹ್‌ನ ತರಗತಿಯ ಬಗ್ಗೆ ಹೇಳಿದೆ. ಆಮೇಲೆ, ಅವರಿಗೆ ಸಮಾಧಾನವಾಗಲಿ ಎಂದು, ಎಷ್ಟೋ ಸಲ ಹೇಳಿದ್ದನ್ನು ಮತ್ತೆ ಹೇಳಿದೆ. "ಅವರು ಕೊನೆಗೆ ಹೇಳಿದ್ದು ನಿಮ್ಮನ್ನು ಬಿಡು ಅಂತ ಹಮೀದಾಕ. ಸಾಯುವಾಗ ನಿಮ್ಮ ಮೇಲೆ ಅವರಿಗೆ ಸಿಟ್ಟಿರಲಿಲ್ಲ."

"ಗೊತ್ತುಂಟು ಮಾರಾಯ. ನೀನು ಹೇಳುವುದು ಸರಿಯೇ" ಎಂದರು. "ಆದ್ರೆ ನನ್ನ ಕಿವಿಯಲ್ಲಿ ಕೂತಿರುವುದು ಖಾಲಿ ಅಂತಲೇ. ಬಿಡು ಅಂತ ಒಂದು ಸಲವಾದ್ರೂ ಕೇಳ್ಬೇಕು ಅಂತ ಎಷ್ಟು ನೋಡಿದೆ. ಕೇಳುವುದಿಲ್ಲ" ಎಂದರು.

ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿ, ಚಹಾಕ್ಕೆ ಸಕ್ಕರೆ ಮುಗಿದಿದೆ, ಅಂಗಡಿಗೆ ಯಾರಾದರೂ ಹೋಗುತ್ತೀರಾ ಎಂದು ಕೇಳಿದರು. ಮುಗಿದಿದೆ ಎಂದರು, ಆ ಇನ್ನೊಂದು ಶಬ್ದ ಹೇಳಲಿಲ್ಲ. ಆ ಮನೆಯಲ್ಲಿ ಅದನ್ನು ಯಾರೂ ಹೇಳುವುದಿಲ್ಲವೆಂದು ನನಗೆ ಆಗ ಗೊತ್ತಾಯಿತು.

ನಾನೂ ಹೇಳುವುದಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟು ತೋರಿಸಿ ಯಾರಾದರೂ, "ಖಾಲಿ ಉಂಟಾ?" ಎಂದು ಕೇಳಿದರೆ ಇವತ್ತಿಗೂ ಸುಮ್ಮನೆ ಎದ್ದು, ಸರಿದು ಕೂತು, ಜಾಗವನ್ನು ಕೈಯಿಂದ ತೋರಿಸುತ್ತೇನೆ. ಅವರೇ ಕಣ್ಣಾರೆ ನೋಡಿಕೊಳ್ಳಲಿ.